ಬಿಟ್ಟು ಬಿಟ್ಟು ಬರುವ ಜ್ವರ: ಗರ್ಭಕೋಶದ ಗಡ್ಡೆ ಕಾರಣವಿರಬಹುದೇ?

ಪ್ರಶ್ನೆ: ನನಗೆ 44 ವರ್ಷ, ಬ್ರಹ್ಮಾವರದ ಹತ್ತಿರ ಮನೆ. ಇಬ್ಬರು ಮಕ್ಕಳು, ಎರಡೂ ನಾರ್ಮಲ್ ಹೆರಿಗೆ. ಐದು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೇನೆ. ಜೂನ್ ಕೊನೆಗೆ ಗದ್ದೆಯಲ್ಲಿ ನೇಜಿ ನೆಟ್ಟು ಮುಗಿದ ಮೇಲೆ ಜ್ವರ ಶುರುವಾಯಿತು. ನಾಲ್ಕೈದು ದಿನ ಸಂಜೆ ಹೊತ್ತಿಗೆ 101–102 ಬರುತ್ತದೆ, ರಾತ್ರಿ ಬೆವರಿ ಇಳಿಯುತ್ತದೆ. ಆಮೇಲೆ ಎಂಟು ಹತ್ತು ದಿನ ಏನೂ ಇಲ್ಲ, ಮತ್ತೆ ಶುರು. ಹೀಗೇ ಮೂರು ತಿಂಗಳಾಯಿತು. ಮಲೇರಿಯಾ ಮೂರು ಸಲ ನೋಡಿದರು, ಇಲ್ಲ. ಡೆಂಗಿಯೂ ಇಲ್ಲ. ವಿಡಾಲ್ ರಕ್ತಪರೀಕ್ಷೆ 1:160 ಬಂತೆಂದು ಟೈಫಾಯ್ಡ್‌ಗೆ ಎರಡು ಸಲ ಇಂಜೆಕ್ಷನ್ ಆಯಿತು. ನಿಂತ ಹಾಗೆ ಆಗಿ ಮತ್ತೆ ಬಂತು. ತೂಕ 6 ಕಿಲೊ ಇಳಿದಿದೆ. ಹಿಮೋಗ್ಲೋಬಿನ್ 8.6, ಪ್ಲೇಟ್‌ಲೆಟ್ 5.6 ಲಕ್ಷ, ಇಎಸ್‌ಆರ್ 118, ಸಿಆರ್‌ಪಿ 94. ಎರಡು ತಿಂಗಳು ಕಬ್ಬಿಣದ ಮಾತ್ರೆ ತಿಂದರೂ ರಕ್ತ ಏರಲಿಲ್ಲ. ಮುಟ್ಟಿನಲ್ಲಿ ತುಂಬಾ ಹೋಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಹಿಂದೆ 9 ಸೆಂಟಿಮೀಟರ್ ಗಡ್ಡೆ ಇದೆ, ಫೈಬ್ರಾಯ್ಡ್ ಎಂಬ ಸಾಧಾರಣ ಗಡ್ಡೆ ಇರಬಹುದು, ಬಲ ಅಂಡಾಶಯ ಬೇರೆಯಾಗಿ ಕಾಣುತ್ತಿಲ್ಲ ಎಂದು ಬರೆದಿದ್ದಾರೆ. ಕ್ಯಾನ್ಸರ್ ಸುಳಿವಿಗೆ ನೋಡುವ ಸಿಎ-125 ಎಂಬ ರಕ್ತಪರೀಕ್ಷೆ 92. ಒಬ್ಬ ಡಾಕ್ಟರು ಫೈಬ್ರಾಯ್ಡ್‌ನಿಂದ ಜ್ವರ ಬರುವುದೇ ಇಲ್ಲ ಎಂದರು. ಇನ್ನೊಬ್ಬರು ಕೂಡಲೇ ಗರ್ಭಕೋಶ ತೆಗೆಸಿ ಎಂದರು. ಮತ್ತೊಬ್ಬರು ಎರಡು ತಿಂಗಳು ಟಿಬಿ ಮದ್ದು ಕೊಟ್ಟು ನೋಡುವ ಎನ್ನುತ್ತಾರೆ. ಕತ್ತರಿ ತಾಗಿಸಿದರೆ ಹರಡುತ್ತದೆ ಎಂದು ಮನೆಯಲ್ಲಿ ಹೆದರಿಸುತ್ತಿದ್ದಾರೆ. ಈ ಗಡ್ಡೆಯೇ ಜ್ವರ ತರಿಸುತ್ತಿರಬಹುದೇ? ತೆಗೆಸಿದರೆ ನಿಲ್ಲುತ್ತದೆಯೇ?

ಉತ್ತರ: ಗಡ್ಡೆಯಿಂದ ಇಷ್ಟು ದಿನ ಜ್ವರ ಬರಬಹುದು. ಅಪರೂಪ, ಆದರೆ ಬರುವುದೇ ಇಲ್ಲ ಎನ್ನುವುದು ತಪ್ಪು. ಜ್ವರಕ್ಕೆ ನಿಜವಾಗಿಯೂ ಗಡ್ಡೆಯೇ ಕಾರಣವಾಗಿದ್ದರೆ ತೆಗೆದ ಮೇಲೆ ಸಾಮಾನ್ಯವಾಗಿ ನಿಲ್ಲುತ್ತದೆ. ನಿಮ್ಮ ವಿಷಯದಲ್ಲಿ ಅದು ಇನ್ನೂ ಖಚಿತವಾಗಿಲ್ಲ, ಖಚಿತಪಡಿಸಿಕೊಳ್ಳಲು ಬೇಕಾದ ಕೆಲವು ಮುಖ್ಯ ಪರೀಕ್ಷೆಗಳು ನೀವು ಬರೆದ ಪಟ್ಟಿಯಲ್ಲಿ ಇಲ್ಲ. ನಾನಾದರೆ ಆಪರೇಷನ್ ದಿನಾಂಕ ಗೊತ್ತುಮಾಡುವ ಮೊದಲು ಎರಡು ವಾರ ಆ ಕೆಲಸಕ್ಕೆ ಕೊಡುತ್ತೇನೆ. ಮೂರು ತಿಂಗಳು ಕಾದ ಮೇಲೆ ಇನ್ನೆರಡು ವಾರದಿಂದ ಆಗುವ ನಷ್ಟ ಕಡಿಮೆ. ಒಳಗೆ ಕೀವೋ ಟಿಬಿಯೋ ಇರುವಾಗ ಗೊತ್ತಿಲ್ಲದೆ ಹೊಟ್ಟೆ ತೆರೆದರೆ ಆಗುವ ನಷ್ಟ ದೊಡ್ಡದು.

ನಡುವೆ ತಡೆಯಬಾರದ ಲಕ್ಷಣಗಳನ್ನು ಮೊದಲೇ ಹೇಳಿಬಿಡುತ್ತೇನೆ. ಮೈ ಗಡಗಡ ನಡುಗಿ 103ರ ಮೇಲೆ ಹೋದರೆ, ತಲೆ ತಿರುಗಿ ಬಿದ್ದರೆ, ಮಾತು ತಡವರಿಸಿದರೆ, ಮೂತ್ರ ಕಡಿಮೆಯಾದರೆ, ಹೊಟ್ಟೆಯಲ್ಲಿ ಇದ್ದಕ್ಕಿದ್ದಂತೆ ತಡೆಯಲಾಗದ ನೋವು ಬಂದರೆ, ಒಂದೇ ಕಾಲು ಬಾತು ಮೀನಖಂಡ ನೋವಾದರೆ, ಉಸಿರು ಕಟ್ಟಿದಂತಾದರೆ ಅಪಾಯಿಂಟ್‌ಮೆಂಟ್ ಕಾಯದೆ ಅದೇ ದಿನ ತುರ್ತು ವಿಭಾಗಕ್ಕೆ ಹೋಗಿ.

ಟೈಫಾಯ್ಡ್ ಇಂಜೆಕ್ಷನ್‌ನಿಂದ ಜ್ವರ ನಿಂತಿತು, ಹಾಗಾಗಿ ಅದು ಟೈಫಾಯ್ಡೇ ಇರಬೇಕು ಎಂದು ನೀವೂ ನಿಮ್ಮ ಮನೆಯವರೂ ನಂಬಿರಬಹುದು. ನಿಮ್ಮ ಜ್ವರದ ಲೆಕ್ಕವನ್ನೇ ನೋಡಿ. ಅದು ನಾಲ್ಕೈದು ದಿನ ಇದ್ದು ತಾನೇ ಇಳಿಯುವ ಜ್ವರ. ಜನ ಆಸ್ಪತ್ರೆಗೆ ಹೋಗುವುದು ಮೂರನೆಯ ದಿನ. ಆ ದಿನ ಏನು ಕೊಟ್ಟರೂ, ಇಂಜೆಕ್ಷನ್ ಇರಲಿ, ಕಷಾಯ ಇರಲಿ, ಐದನೆಯ ದಿನ ಜ್ವರ ಇಳಿಯುತ್ತದೆ, ಹೆಸರು ಮದ್ದಿಗೆ ಬರುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರದಲ್ಲಿ ತಪ್ಪು ರೋಗನಿರ್ಣಯ ತಿಂಗಳುಗಟ್ಟಲೆ ಉಳಿದುಬಿಡುವುದು ಹೀಗೆ. ವಿಡಾಲ್ ಕೂಡ ಇಲ್ಲಿ ಹೆಚ್ಚು ಹೇಳುವುದಿಲ್ಲ. ಟೈಫಾಯ್ಡ್ ಸಾಮಾನ್ಯವಾಗಿರುವ ನಮ್ಮ ದೇಶದಲ್ಲಿ ಆರೋಗ್ಯವಂತರ ರಕ್ತದಲ್ಲೂ 1:80, 1:160 ಕಾಣುತ್ತದೆ. ಒಂದೇ ಸಲದ ಅಂಥ ವರದಿ ಹಿಡಿದು ಚಿಕಿತ್ಸೆ ಮಾಡುವುದು ಸರಿಯಲ್ಲ. ಟೈಫಾಯ್ಡ್ ಖಚಿತವಾಗುವುದು ಮದ್ದು ಶುರು ಮಾಡುವ ಮೊದಲು ತೆಗೆದ ರಕ್ತದ ಕಲ್ಚರ್‌ನಲ್ಲಿ, ಅಂದರೆ ರಕ್ತದಲ್ಲಿರುವ ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆಯಲ್ಲಿ. ನಿಮಗೆ ಒಂದು ಸಲವೂ ಕಲ್ಚರ್ ಮಾಡಿದಂತೆ ಕಾಣುವುದಿಲ್ಲ.

ಮೂರು ವಾರಕ್ಕಿಂತ ಹೆಚ್ಚು ದಿನ, ಹಲವು ಸಲ 38.3 ಡಿಗ್ರಿ ಸೆಲ್ಸಿಯಸ್ ದಾಟಿ, ಒಂದು ಸುತ್ತು ತಪಾಸಣೆಯ ನಂತರವೂ ಕಾರಣ ಸಿಗದ ಜ್ವರವನ್ನು ವೈದ್ಯರು ಪ್ರತ್ಯೇಕ ಗುಂಪಾಗಿ ನೋಡುತ್ತಾರೆ. ಈ ವ್ಯಾಖ್ಯೆಯನ್ನು 1961ರಲ್ಲಿ ಪೀಟರ್ಸ್‌ಡಾರ್ಫ್ ಮತ್ತು ಬೀಸನ್ ಎಂಬ ಇಬ್ಬರು ವೈದ್ಯರು ಕೊಟ್ಟರು. ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಇಂದಿಗೂ ಅದೇ ಬಳಕೆಯಲ್ಲಿದೆ. 38.3 ಎಂದರೆ ನಮ್ಮ ಲೆಕ್ಕದಲ್ಲಿ 101. ನೀವು ಸರಿಯಾಗಿ ಈ ಗುಂಪಿಗೆ ಸೇರುತ್ತೀರಿ. ಸೋಂಕು, ಗಡ್ಡೆ ಅಥವಾ ಕ್ಯಾನ್ಸರ್, ಲೂಪಸ್‌ನಂಥ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬೀಳುವ ಕಾಯಿಲೆಗಳು, ಮತ್ತೆ ಕೆಲವು ಚಿಲ್ಲರೆ ಕಾರಣಗಳು: ಹುಡುಕಾಟ ಈ ವಲಯಗಳಲ್ಲಿ ನಡೆಯುತ್ತದೆ. ಚಿಲ್ಲರೆಯಲ್ಲಿ ಮದ್ದಿನಿಂದಲೇ ಬರುವ ಜ್ವರವೂ ಒಂದು. ಹಾಗಾಗಿ ಇದುವರೆಗೆ ತೆಗೆದುಕೊಂಡ ಎಲ್ಲ ಮದ್ದಿನ ಚೀಟಿ, ಆಯುರ್ವೇದದ್ದೂ ಸೇರಿ, ಜೊತೆಗಿರಲಿ.

ಗಡ್ಡೆ ಹೇಗೆ ಜ್ವರ ತರುತ್ತದೆ

ದಾರಿ ಒಂದೇ ಅಲ್ಲ. ಯಾವ ದಾರಿ ಎಂಬುದರ ಮೇಲೆ ಚಿಕಿತ್ಸೆ ಪೂರ್ತಿ ಬದಲಾಗುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು, ಗಡ್ಡೆಯ ಜೀವಕೋಶಗಳೇ ಜ್ವರದ ರಾಸಾಯನಿಕ ತಯಾರಿಸುವುದು. ಇಂಟರ್‌ಲ್ಯೂಕಿನ್-6 ಅವುಗಳಲ್ಲಿ ಮುಖ್ಯವಾದದ್ದು. ಮೆದುಳಿನಲ್ಲಿ ಮೈಯ ಕಾವನ್ನು ನಿಗದಿ ಮಾಡುವ ಒಂದು ಭಾಗವಿದೆ. ಗೀಸರಿನ ಥರ್ಮೋಸ್ಟಾಟ್ ತಿರುಗಿಸಿದ ಹಾಗೆ ಈ ರಾಸಾಯನಿಕ ಅದರ ಮಟ್ಟವನ್ನು ಮೇಲಕ್ಕೆ ಏರಿಸುತ್ತದೆ. ಅದರ ಕೆಲಸ ಅಲ್ಲಿಗೇ ನಿಲ್ಲುವುದಿಲ್ಲ. ಯಕೃತ್ತಿಗೆ ಹೋಗಿ ಉರಿಯೂತದ ಸೂಚಕವಾದ ಸಿಆರ್‌ಪಿ ಏರಿಸುತ್ತದೆ. ಪ್ಲೇಟ್‌ಲೆಟ್ ಉತ್ಪಾದನೆ ಹೆಚ್ಚಿಸುತ್ತದೆ. ಹೆಪ್ಸಿಡಿನ್ ಎಂಬ ವಸ್ತುವನ್ನು ಹೆಚ್ಚಿಸಿ ಕರುಳಿನಿಂದ ಕಬ್ಬಿಣ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಆಗ ಎಷ್ಟು ಕಬ್ಬಿಣದ ಮಾತ್ರೆ ತಿಂದರೂ ಹಿಮೋಗ್ಲೋಬಿನ್ ಏರುವುದಿಲ್ಲ. ನಿಮ್ಮ ಸಿಆರ್‌ಪಿ 94, ಪ್ಲೇಟ್‌ಲೆಟ್ 5.6 ಲಕ್ಷ, ಏರದ ಹಿಮೋಗ್ಲೋಬಿನ್ ಒಟ್ಟಿಗೆ ನೋಡಿದರೆ ಈ ಚಿತ್ರಕ್ಕೆ ಚೆನ್ನಾಗಿ ಹೊಂದುತ್ತವೆ. ತೊಂದರೆ ಏನೆಂದರೆ ಟಿಬಿ ಮತ್ತು ಒಳಗಿನ ಕೀವಿನಲ್ಲೂ ಇದೇ ಚಿತ್ರ ಬರುತ್ತದೆ. ಮುಟ್ಟಿನಲ್ಲಿ ಹೆಚ್ಚು ಹೋಗಿ ಕಬ್ಬಿಣ ಬರಿದಾದವರಲ್ಲಿ ಪ್ಲೇಟ್‌ಲೆಟ್ ತಾನಾಗಿಯೇ ಏರುವುದೂ ಉಂಟು. ದೇಹದಲ್ಲಿ ಉರಿಯೂತ ಇದೆ ಎಂದು ಈ ಅಂಕಿಗಳು ಹೇಳುತ್ತವೆ, ಎಲ್ಲಿಂದ ಎಂದು ಹೇಳುವುದಿಲ್ಲ.

ಹೀಗೆ ಇಂಟರ್‌ಲ್ಯೂಕಿನ್-6 ತಯಾರಿಸುವ ಸಾಧಾರಣ ಫೈಬ್ರಾಯ್ಡ್‌ಗಳು ಬೆರಳೆಣಿಕೆಯಷ್ಟು ವರದಿಯಾಗಿವೆ. ಇನ್ಫ್ಲಮೇಟರಿ ಮಯೋಫೈಬ್ರೋಬ್ಲಾಸ್ಟಿಕ್ ಟ್ಯೂಮರ್ ಎಂಬ ಇನ್ನೊಂದು ಗಡ್ಡೆ ಇದೆ. ಸ್ಕ್ಯಾನಿಂಗ್‌ನಲ್ಲಿ ಫೈಬ್ರಾಯ್ಡ್‌ನಂತೆಯೇ ಕಾಣುತ್ತದೆ, ಆದರೆ ಜ್ವರ, ತೂಕ ಇಳಿಕೆ, ರಕ್ತಹೀನತೆ, ಹೆಚ್ಚಿದ ಇಎಸ್‌ಆರ್ ಮತ್ತು ಪ್ಲೇಟ್‌ಲೆಟ್ ಜೊತೆಗೆ ಬರುವುದುಂಟು. ಅಂಡಾಶಯದ ಕೆಲವು ಕ್ಯಾನ್ಸರ್‌ಗಳೂ ಹೀಗೆ ಜ್ವರ ತರಿಸುತ್ತವೆ.

ಎರಡನೆಯದು, ರಕ್ತ ಸಾಲದೆ ಗಡ್ಡೆಯ ಒಳಭಾಗ ಕೊಳೆಯುವುದು. ಗರ್ಭಿಣಿಯರಲ್ಲಿ ಇದು ಹೆಚ್ಚು. ಅಲ್ಲಿ ಗಡ್ಡೆಯ ಜಾಗದಲ್ಲೇ ಮುಟ್ಟಿದರೆ ನೋವು, ಸಣ್ಣ ಜ್ವರ, ಕೆಲವು ದಿನಗಳಿಂದ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ. ಮೂರು ತಿಂಗಳ ಜ್ವರಕ್ಕೆ ಈ ಒಂದೇ ವಿವರಣೆ ನನಗೆ ಸಾಲದು.

ಮೂರನೆಯದು ಗಡ್ಡೆಯೊಳಗೇ ಕೀವು. ಹೆರಿಗೆ, ಗರ್ಭಪಾತ ಅಥವಾ ಗರ್ಭಕೋಶದೊಳಗಿನ ಚಿಕಿತ್ಸೆಯ ನಂತರ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದರ ಬಗ್ಗೆ ಎಚ್ಚರ ಹೆಚ್ಚು ಬೇಕು. ಬರೀ ಇಂಜೆಕ್ಷನ್‌ನಿಂದ ಹೋಗುವುದು ಕಷ್ಟ, ಕೀವಿನ ಮೂಲ ತೆಗೆಯಲೇಬೇಕಾಗುತ್ತದೆ. ಅಂಡಾಶಯ ಮತ್ತು ನಾಳದಲ್ಲಿ ಕೀವು ತುಂಬಿ ಗಡ್ಡೆಯಂತೆ ಕಾಣುವುದು ಇದಕ್ಕಿಂತಲೂ ಸಾಮಾನ್ಯ. ನಿಮ್ಮ ವರದಿಯಲ್ಲಿ ಬಲ ಅಂಡಾಶಯ ಬೇರೆಯಾಗಿ ಕಾಣುತ್ತಿಲ್ಲ ಎಂದಿರುವುದು ಅದಕ್ಕೇ ನನಗೆ ಮುಖ್ಯವೆನಿಸಿದೆ. ಆ ಗಡ್ಡೆ ಗರ್ಭಕೋಶದ್ದೇ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಕಾಪರ್-ಟಿ ಹಾಕಿಸಿ ವರ್ಷಗಟ್ಟಲೆ ಬಿಟ್ಟಿದ್ದರೆ ಅದನ್ನೂ ಹೇಳಿ. ಅಂಥವರಲ್ಲಿ ನಿಧಾನವಾಗಿ ಬೆಳೆಯುವ ಆಕ್ಟಿನೋಮೈಕೋಸಿಸ್ ಎಂಬ ಸೋಂಕು ಕ್ಯಾನ್ಸರ್‌ನಂತೆಯೇ ಕಾಣುತ್ತದೆ.

ಇನ್ನೆರಡು ದಾರಿಗಳಲ್ಲಿ ಗಡ್ಡೆ ಪಕ್ಕದವರಿಗೆ ತೊಂದರೆ ಕೊಡುತ್ತದೆ. ಮೂತ್ರನಾಳವನ್ನು ಒತ್ತಿದರೆ ಮೂತ್ರ ಕಟ್ಟಿಕೊಂಡು ಕಿಡ್ನಿಗೆ ಮತ್ತೆ ಮತ್ತೆ ಸೋಂಕಾಗುತ್ತದೆ, ಚಳಿಜ್ವರ ಬಿಟ್ಟು ಬಿಟ್ಟು ಬರುತ್ತದೆ. ಕಿಬ್ಬೊಟ್ಟೆಯ ರಕ್ತನಾಳವನ್ನು ಒತ್ತಿದರೆ ರಕ್ತ ಹೆಪ್ಪುಗಟ್ಟಿ ಸಣ್ಣ ಜ್ವರ ಬರಬಹುದು. ಎರಡನ್ನೂ ಸ್ಕ್ಯಾನ್ ಮತ್ತು ರಕ್ತದ ಹರಿವು ತೋರಿಸುವ ಡಾಪ್ಲರ್‌ನಲ್ಲಿ ನೋಡಬಹುದು, ಹೆಚ್ಚು ಖರ್ಚಿಲ್ಲ.

ಗಡ್ಡೆಯನ್ನು ದೂರುವ ಮೊದಲು

ನಮ್ಮ ಕರಾವಳಿಯಲ್ಲಿ ಮಳೆಗಾಲದ ಜ್ವರಕ್ಕೆ ಮಲೇರಿಯಾ, ಡೆಂಗಿ, ಇಲಿಜ್ವರ, ಸ್ಕ್ರಬ್ ಟೈಫಸ್ ನೋಡುವುದು ರೂಢಿ. ಇವುಗಳಲ್ಲಿ ಡೆಂಗಿ, ಇಲಿಜ್ವರ, ಸ್ಕ್ರಬ್ ಮೂರು ತಿಂಗಳು ಹೀಗೆ ಎಳೆಯುವುದಿಲ್ಲ. ವೈವಾಕ್ಸ್ ಮಲೇರಿಯಾ ಮರುಕಳಿಸುತ್ತದೆ, ಏಕೆಂದರೆ ಅದರ ಕ್ರಿಮಿ ಯಕೃತ್ತಿನಲ್ಲಿ ಮಲಗಿರುತ್ತದೆ. ಹಾಗಾಗಿಯೇ 14 ದಿನ ಪ್ರೈಮಾಕ್ವಿನ್ ಕೊಡುವುದು. ನಿಮ್ಮ ಮೂರು ಪರೀಕ್ಷೆಗಳು ಜ್ವರ ಇಲ್ಲದ ದಿನ ಆಗಿದ್ದರೆ ಇನ್ನೊಮ್ಮೆ, ಚಳಿ ಹತ್ತಿದ ಹೊತ್ತಿಗೆ, ದಪ್ಪ ಲೇಪನದ ಸ್ಲೈಡ್ ನೋಡಿಸಿ.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಇನ್ನೊಂದು ಕಾಯಿಲೆಯ ಮೇಲೆ, ಮೆಲಿಯಾಯ್ಡೋಸಿಸ್. ಹೆಸರು ಜನರಿಗೆ ಅಷ್ಟು ಪರಿಚಯವಿಲ್ಲ. ಕೆಸರು ಮತ್ತು ನೀರಿನಲ್ಲಿ ಇರುವ ಒಂದು ಬ್ಯಾಕ್ಟೀರಿಯಾದಿಂದ ಬರುತ್ತದೆ, ಮಳೆಗಾಲದಲ್ಲಿ ಹೆಚ್ಚು. ಕಾಲಿನ ಸಣ್ಣ ಗಾಯದಿಂದ ಒಳಗೆ ಹೋಗಬಲ್ಲದು. ಸಕ್ಕರೆ ಕಾಯಿಲೆ ಇರುವವರನ್ನು ಹುಡುಕಿಕೊಂಡು ಬಂದ ಹಾಗೆ ಕಾಡುತ್ತದೆ. ಮಣಿಪಾಲ, ಮಂಗಳೂರಿನ ಆಸ್ಪತ್ರೆಗಳಿಂದ ಇದರ ಪ್ರಕರಣಗಳು ಬಹಳ ಕಾಲದಿಂದ ವರದಿಯಾಗುತ್ತಿವೆ. ಯಕೃತ್ತು, ಗುಲ್ಮ, ಮೂಳೆ, ಕೆಲವೊಮ್ಮೆ ಕಿಬ್ಬೊಟ್ಟೆಯಲ್ಲಿ ಕೀವು ಮಾಡುತ್ತದೆ. ಟೈಫಾಯ್ಡ್‌ಗೆ ಕೊಡುವ ಸೆಫ್ಟ್ರಿಯಾಕ್ಸೋನ್ ಇದನ್ನು ಗುಣಮಾಡುವುದಿಲ್ಲ. ಸೆಫ್ಟಾಜಿಡೀಮ್ ಅಥವಾ ಮೆರೋಪೆನೆಮ್ ಕನಿಷ್ಠ 10ರಿಂದ 14 ದಿನ ರಕ್ತನಾಳಕ್ಕೆ, ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ ಕನಿಷ್ಠ ಮೂರು ತಿಂಗಳು ಬೇಕು. ನಡುವೆ ನಿಲ್ಲಿಸಿದರೆ ಮತ್ತೆ ಬರುತ್ತದೆ. ಗದ್ದೆಗೆ ಇಳಿದವರು, ಸಕ್ಕರೆ ಇರುವವರು, ಮಳೆಗಾಲದಲ್ಲಿ ಶುರುವಾದ ಜ್ವರ: ನೀವು ಮೂರಕ್ಕೂ ಸೇರುತ್ತೀರಿ. ಪ್ರಯೋಗಾಲಯದಲ್ಲಿ ಈ ಬ್ಯಾಕ್ಟೀರಿಯಾವನ್ನು ಸೂಡೋಮೊನಾಸ್ ಎಂಬ ಮಾಮೂಲಿ ಬ್ಯಾಕ್ಟೀರಿಯಾ ಎಂದು, ಇಲ್ಲವೇ ಹೊರಗಿನಿಂದ ಸೇರಿದ ಕಶ್ಮಲ ಎಂದು ತಳ್ಳಿಹಾಕುವ ಅಪಾಯವಿದೆ. ಕಲ್ಚರ್ ಕಳಿಸುವ ಚೀಟಿಯಲ್ಲಿ ‘ಸಕ್ಕರೆ ಕಾಯಿಲೆ, ಗದ್ದೆ ಕೆಲಸ, ಮೆಲಿಯಾಯ್ಡೋಸಿಸ್ ಅನುಮಾನ’ ಎಂದು ಬರೆಯಲು ಡಾಕ್ಟರನ್ನು ಕೇಳಿಕೊಳ್ಳಿ. ಇದರಿಂದ ಯಾರಿಗೂ ಬೇಸರವಾಗುವುದಿಲ್ಲ, ಲ್ಯಾಬಿನವರಿಗೆ ಉಪಕಾರವೇ ಆಗುತ್ತದೆ. ಹಸು, ಆಡು ಸಾಕಿದ್ದರೆ, ಹಸಿ ಹಾಲು ಕುಡಿಯುವ ರೂಢಿಯಿದ್ದರೆ ಜಾನುವಾರುಗಳಿಂದ ಬರುವ ಬ್ರುಸೆಲ್ಲಾ ಸೋಂಕಿನ ಪರೀಕ್ಷೆಯೂ ಸೇರಲಿ.

ಉಳಿದದ್ದು ಟಿಬಿ. ಮಹಿಳೆಯರ ಜನನಾಂಗದ ಟಿಬಿ ಅಂಡಾಶಯದ ಕ್ಯಾನ್ಸರಿನ ವೇಷ ಹಾಕುವುದರಲ್ಲಿ ಪಳಗಿದ್ದು: ಗಡ್ಡೆ, ತೂಕ ಇಳಿಕೆ, ಸಂಜೆ ಜ್ವರ, ಕೆಲವೊಮ್ಮೆ ಹೊಟ್ಟೆಯಲ್ಲಿ ನೀರು, ಏರಿದ ಸಿಎ-125. ಆ 92ನ್ನು ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ. ಸಿಎ-125ರ ಮಿತಿ 35. ಮುಟ್ಟು ನಿಲ್ಲದವರಲ್ಲಿ ಫೈಬ್ರಾಯ್ಡ್, ಎಂಡೋಮೆಟ್ರಿಯೋಸಿಸ್, ಕಿಬ್ಬೊಟ್ಟೆಯ ಸೋಂಕು, ಟಿಬಿ, ಅಷ್ಟೇಕೆ ಮುಟ್ಟಿನ ದಿನಗಳಲ್ಲೂ ಇದು ಏರುತ್ತದೆ. ಟಿಬಿಯಲ್ಲಿ ನೂರಾರರ ಲೆಕ್ಕಕ್ಕೆ ಹೋಗುವುದೂ ಇದೆ. ನಿಮ್ಮ ವಯಸ್ಸಿನಲ್ಲಿ ಈ ಒಂದು ಅಂಕಿಯಿಂದ ಕ್ಯಾನ್ಸರ್ ಇದೆ ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು.

ಮಾಡಬೇಕಾದದ್ದು, ಈ ಕ್ರಮದಲ್ಲಿ

ಇವತ್ತಿನಿಂದಲೇ ಒಂದು ಪುಸ್ತಕ ಇಡಿ. ಡಿಜಿಟಲ್ ಥರ್ಮಾಮೀಟರ್ ನಾಲಿಗೆಯಡಿ ಇಟ್ಟು ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6, ರಾತ್ರಿ 10ಕ್ಕೆ ನೋಡಿ ಬರೆಯಿರಿ. ಬಿಸಿ ಗಂಜಿ, ಕಾಫಿ ಕುಡಿದ ಮೇಲೆ ಹದಿನೈದು ನಿಮಿಷ ಬಿಟ್ಟು ನೋಡಿ. ಪ್ಯಾರಾಸಿಟಮಾಲ್ ನುಂಗಿದ್ದರೆ ಗಂಟೆ ಬರೆಯಿರಿ. ನುಂಗುವ ಮೊದಲು ಅಳತೆ ತೆಗೆಯಿರಿ. ಮುಟ್ಟಿನ ದಿನಗಳನ್ನು ಅದೇ ಪುಟದಲ್ಲಿ ಗುರುತು ಮಾಡಿ. ಮೈ ಬಿಸಿ ಅನಿಸಿ ಥರ್ಮಾಮೀಟರ್ 98.6 ತೋರಿಸುವ ‘ಒಳಜ್ವರ’ವನ್ನು ಬೇರೆಯಾಗಿ ಬರೆಯಿರಿ. 44ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುವ ಮೊದಲಿನ ಬಿಸಿ ಅಲೆ, ರಾತ್ರಿ ಬೆವರು ಕೂಡ ಇದರಲ್ಲಿ ಬೆರೆತಿರಬಹುದು. ಅದು ಜ್ವರದ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯದು ಕಲ್ಚರ್, ಇದು ಎಲ್ಲಕ್ಕಿಂತ ಮುಖ್ಯ. ಮದ್ದು ಶುರು ಮಾಡುವ ಮೊದಲು, ಎರಡರಿಂದ ಮೂರು ಸಲ, ಬೇರೆ ಬೇರೆ ಕೈಯಿಂದ, ಒಂದೊಂದು ಬಾಟಲಿಗೆ 8ರಿಂದ 10 ಮಿಲಿ ರಕ್ತ. ರಕ್ತ ಕಡಿಮೆ ಹಾಕಿದರೆ ಕ್ರಿಮಿ ಇದ್ದರೂ ಸಿಗುವುದಿಲ್ಲ. ಹಿಮೋಗ್ಲೋಬಿನ್ ಕಡಿಮೆ ಇರುವವರ ಮೈಯಿಂದ ಇಷ್ಟು ರಕ್ತ ತೆಗೆಯುತ್ತಾರಲ್ಲ ಎಂದು ಸಂಕಟವಾಗಬಹುದು. ಒಟ್ಟು ಸೇರಿಸಿದರೂ ಹನ್ನೆರಡು ಟೀ ಚಮಚದೊಳಗೆ ಮುಗಿಯುತ್ತದೆ. ಸದ್ಯಕ್ಕೆ ಆಂಟಿಬಯಾಟಿಕ್ ಏನೂ ತೆಗೆದುಕೊಳ್ಳುತ್ತಿಲ್ಲವಾದರೆ ಇದೇ ಒಳ್ಳೆಯ ಸಮಯ. ಜೊತೆಗೆ ಮೂತ್ರದ ಕಲ್ಚರ್, ಎಚ್‌ಐವಿ ಪರೀಕ್ಷೆ, ಯಕೃತ್ತು ಮತ್ತು ಕಿಡ್ನಿ ಪರೀಕ್ಷೆ, ಎಲ್‌ಡಿಎಚ್, ಫೆರಿಟಿನ್, ಎಎನ್‌ಎ, ಎದೆಯ ಎಕ್ಸ್‌ರೇ, ಹೃದಯದ ಎಕೋ. ಜ್ವರ ಇಲ್ಲದ ಒಳ್ಳೆಯ ದಿನ ಒಂದು ಸಿಆರ್‌ಪಿ ಮಾಡಿಸಿ. ಆ ದಿನವೂ 60, 70 ಇದ್ದರೆ ಒಳಗಿನ ಉರಿ ಬಿಟ್ಟಿಲ್ಲ, ಜ್ವರ ಮಾತ್ರ ಬಿಟ್ಟು ಬಿಟ್ಟು ಕಾಣುತ್ತಿದೆ ಎಂದರ್ಥ. ಪೂರ್ತಿ ಇಳಿದಿದ್ದರೆ ಹುಡುಕುವ ದಿಕ್ಕೇ ಬೇರೆಯಾಗುತ್ತದೆ.

ಗಡ್ಡೆಯನ್ನು ನೋಡಲು ಕಾಂಟ್ರಾಸ್ಟ್ ಹಾಕಿದ ಎಂಆರ್‌ಐ ಬೇಕು, ಡಿಫ್ಯೂಷನ್ ಚಿತ್ರವೂ ಸೇರಿ. ಗಡ್ಡೆ ಗರ್ಭಕೋಶದ್ದೋ ಅಂಡಾಶಯದ್ದೋ, ಒಳಗೆ ಕೊಳೆತಿದೆಯೋ ಕೀವಿದೆಯೋ, ಅಂಚು ಹೇಗಿದೆ ಎಂಬುದು ಅಲ್ಲಿ ತಿಳಿಯುತ್ತದೆ. ಅದೇ ಸುತ್ತಿನಲ್ಲಿ ಯಕೃತ್ತು, ಗುಲ್ಮ, ಕಿಡ್ನಿ, ಹೊಟ್ಟೆಯ ಗ್ರಂಥಿಗಳನ್ನು ಸಿಟಿಯಲ್ಲಿ ನೋಡುವುದು ಒಳ್ಳೆಯದು. ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೀರಿ ಎಂದು ಸಿಟಿಯವರಿಗೆ ಹೇಳಿ, ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ವರದಿ ತೋರಿಸಿ. ಮೈಯಲ್ಲಿ ಚುರುಕಾಗಿರುವ ಜಾಗಗಳು ಬೆಳಗಿ ಕಾಣುವ ಪೆಟ್-ಸಿಟಿ ಸ್ಕ್ಯಾನ್ ಇಷ್ಟೆಲ್ಲ ಆದ ಮೇಲೂ ದಾರಿ ಕಾಣದಿದ್ದರೆ ಮಾತ್ರ. ದುಬಾರಿ ಪರೀಕ್ಷೆ, ಟಿಬಿಯೂ ಅದರಲ್ಲಿ ಬೆಳಗುತ್ತದೆ, ಫೈಬ್ರಾಯ್ಡೂ ಬೆಳಗಬಹುದು, ಮುಟ್ಟಿನ ಚಕ್ರದ ನಡುವೆ ಮಾಡಿಸಿದರೆ ಆರೋಗ್ಯವಾದ ಅಂಡಾಶಯವೂ ಬೆಳಗುತ್ತದೆ. ಮಾಡಿಸಲೇಬೇಕಾದರೆ ಮುಟ್ಟು ಮುಗಿದ ಮೊದಲ ವಾರದಲ್ಲಿ.

ಹೆಚ್ಚು ರಕ್ತಸ್ರಾವ ಇರುವುದರಿಂದ ಗರ್ಭಕೋಶದ ಒಳಪದರದ ಮಾದರಿ ತೆಗೆಯಬೇಕಾಗುತ್ತದೆ. ಇಲ್ಲಿ ಮತ್ತೆ ಮತ್ತೆ ಆಗುವ ಒಂದು ಎಡವಟ್ಟು ಹೇಳಬೇಕು. ತೆಗೆದ ತುಂಡನ್ನೆಲ್ಲ ಫಾರ್ಮಲಿನ್ ಡಬ್ಬಿಗೆ ಹಾಕಿಬಿಡುತ್ತಾರೆ. ಫಾರ್ಮಲಿನ್‌ನಲ್ಲಿ ಕ್ರಿಮಿ ಸಾಯುತ್ತದೆ, ಆಮೇಲೆ ಟಿಬಿ ಕಲ್ಚರ್ ಸಾಧ್ಯವಿಲ್ಲ. ಅರ್ಧ ಫಾರ್ಮಲಿನ್‌ಗೆ, ಅರ್ಧ ಬರೀ ಸಲೈನ್‌ಗೆ. ಸಲೈನ್‌ನದ್ದು ಟಿಬಿ ಕ್ರಿಮಿಯ ವಂಶವಾಹಿ ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೆ ಮತ್ತು ಕಲ್ಚರ್‌ಗೆ ಹೋಗಬೇಕು. ಈ ಟಿಬಿ ಪರೀಕ್ಷೆಗಳು ಸರಕಾರಿ ವ್ಯವಸ್ಥೆಯಲ್ಲಿ ಉಚಿತ. ಮಾದರಿ ತೆಗೆಯಲು ಮುಟ್ಟಿಗೆ ಕೆಲವು ದಿನ ಮೊದಲಿನ ಸಮಯ ಉತ್ತಮ. ಸಿಬಿನ್ಯಾಟ್ ನೆಗೆಟಿವ್ ಬಂದ ಮಾತ್ರಕ್ಕೆ ಜನನಾಂಗದ ಟಿಬಿ ಇಲ್ಲ ಎನ್ನಲಾಗದು, ಅಲ್ಲಿ ಕ್ರಿಮಿಗಳ ಸಂಖ್ಯೆ ಬಹಳ ಕಡಿಮೆ. ಹೊಟ್ಟೆಯಲ್ಲಿ ನೀರಿದ್ದರೆ ತೆಗೆದು ಟಿಬಿಯ ಸುಳಿವು ಕೊಡುವ ಎಡಿಎ, ಪ್ರೋಟೀನ್, ಕ್ಯಾನ್ಸರ್ ಕಣ ನೋಡುತ್ತಾರೆ.

ಕತ್ತರಿ ತಾಗಿದರೆ ಹರಡುತ್ತದೆಯೇ?

ನಿಮ್ಮ ಮನೆಯವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆಪರೇಷನ್ ಮಾಡಿದ್ದರಿಂದಲೇ ಕ್ಯಾನ್ಸರ್ ಹರಡಿತು ಎಂಬುದು ತಪ್ಪು ತಿಳಿವಳಿಕೆ. ಹೆಚ್ಚಾಗಿ ಅದು ಮೊದಲೇ ಹರಡಿರುತ್ತದೆ, ಆಪರೇಷನ್‌ನಲ್ಲಿ ಕಣ್ಣಿಗೆ ಬೀಳುತ್ತದೆ. ಗರ್ಭಕೋಶದ ಒಳಪದರದ ಮಾದರಿ ತೆಗೆಯುವುದರಲ್ಲಿ ಹೆದರುವಂಥದ್ದಿಲ್ಲ. ಆದರೆ ಎರಡು ಕಡೆ ಹೆದರಿಕೆಗೆ ಆಧಾರವಿದೆ. ಅಂಡಾಶಯಕ್ಕೆ ಸೀಮಿತವಾದ, ಕ್ಯಾನ್ಸರ್ ಅನುಮಾನದ ಗಡ್ಡೆಗೆ ಹೊರಗಿನಿಂದ ಸೂಜಿ ಚುಚ್ಚಬಾರದು. ಒಳಗಿನ ದ್ರವ ಸೋರಿದರೆ ಮೊದಲ ಹಂತದ ಕಾಯಿಲೆ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ. ಇನ್ನೊಂದು, ಲ್ಯಾಪರೋಸ್ಕೋಪಿಯಲ್ಲಿ ದೊಡ್ಡ ಗಡ್ಡೆಯನ್ನು ಸಣ್ಣ ರಂಧ್ರದಿಂದ ಹೊರತೆಗೆಯಲು ಯಂತ್ರದಿಂದ ಚೂರು ಮಾಡುವುದು. ಫೈಬ್ರಾಯ್ಡ್ ಎಂದುಕೊಂಡದ್ದು ಸಾರ್ಕೋಮಾ ಎಂಬ ಕ್ಯಾನ್ಸರ್ ಆಗಿದ್ದರೆ ಚೂರುಗಳು ಹೊಟ್ಟೆಯೊಳಗೆ ಚೆಲ್ಲಿ ಬೆಳೆಯುತ್ತವೆ. ಫೈಬ್ರಾಯ್ಡ್ ಎಂದು ಆಪರೇಷನ್ ಆದ ಸುಮಾರು 350 ಮಹಿಳೆಯರಲ್ಲಿ ಒಬ್ಬರಿಗೆ ಸಾರ್ಕೋಮಾ ಇರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಅಂದಾಜಿಸಿತು. ಆಮೇಲಿನ ಹಲವು ಲೆಕ್ಕಗಳಲ್ಲಿ ಅದು ಇನ್ನೂ ಅಪರೂಪ. ಆಪರೇಷನ್‌ಗೆ ಮೊದಲು ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ. ಜ್ವರ ಮತ್ತು ತೂಕ ಇಳಿಕೆ ಇರುವ ನಿಮ್ಮಂಥವರಲ್ಲಿ ಗಡ್ಡೆಯನ್ನು ಚೂರು ಮಾಡದೆ ಇಡಿಯಾಗಿ ತೆಗೆಯುವುದೇ ಸರಿ, ಅದಕ್ಕಾಗಿ ಹೊಟ್ಟೆಯ ಮೇಲೆ ದೊಡ್ಡ ಗೆರೆ ಬಿದ್ದರೂ ಪರವಾಗಿಲ್ಲ. ‘ಗಡ್ಡೆಯನ್ನು ಹೇಗೆ ಹೊರತೆಗೆಯುತ್ತೀರಿ?’ ಎಂದು ಕೇಳುವ ಹಕ್ಕು ನಿಮಗಿದೆ.

ಯಾವ ದಾರಿಯಲ್ಲಿ ಯಾವ ಅಪಾಯ

ಎರಡು ತಿಂಗಳು ಟಿಬಿ ಮದ್ದು ಕೊಟ್ಟು ನೋಡುವ ಎಂಬ ಸಲಹೆಗೆ, ಮಾದರಿ ತೆಗೆಯುವ ಮೊದಲು ನಾನು ಒಪ್ಪುವುದಿಲ್ಲ. ಟಿಬಿ ಮದ್ದುಗಳಲ್ಲಿ ಒಂದಾದ ರಿಫಾಂಪಿಸಿನ್ ಬ್ರುಸೆಲ್ಲಾದಂಥ ಬೇರೆ ಕ್ರಿಮಿಗಳ ಮೇಲೂ ಕೆಲಸ ಮಾಡುತ್ತದೆ, ಜ್ವರ ಇಳಿದರೆ ಟಿಬಿಯೇ ಎಂದು ಮೋಸಹೋಗುತ್ತೇವೆ. ಜ್ವರ ಇಳಿಯದಿದ್ದರೆ ಮದ್ದಿಗೆ ಬಗ್ಗದ ಟಿಬಿಯೋ, ಟಿಬಿಯೇ ಅಲ್ಲವೋ ತಿಳಿಯದು. ಯಕೃತ್ತಿಗೆ ಪೆಟ್ಟು ಬೀಳುವ ಅಪಾಯ ಬೇರೆ. ಟಿಬಿ ಖಚಿತವಾದರೆ ಮಾತು ಬೇರೆ: ಆರು ತಿಂಗಳು ಪೂರ್ತಿ ಮದ್ದು, ಗರ್ಭಕೋಶ ತೆಗೆಯುವ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ.

ಸ್ಟೀರಾಯ್ಡ್ ಮಾತ್ರೆ ಯಾರಾದರೂ ಕೊಟ್ಟರೆ, ಯಾವ ಕಾಯಿಲೆಗೆ ಎಂದು ಕೇಳದೆ ನುಂಗಬೇಡಿ. ಜ್ವರ ಬೇಗ ನಿಲ್ಲುತ್ತದೆ, ಹಸಿವು ಬರುತ್ತದೆ, ಒಳಗಿನ ಟಿಬಿ ಅಥವಾ ಮೆಲಿಯಾಯ್ಡೋಸಿಸ್‌ಗೆ ರಾಜಮಾರ್ಗ ಸಿಗುತ್ತದೆ, ಸಕ್ಕರೆ 300 ದಾಟಬಹುದು. ನೆಪ್ರಾಕ್ಸೆನ್ ಮಾತ್ರೆ ಕೊಟ್ಟಾಗ ಒಂದು ದಿನದಲ್ಲಿ ಪೂರ್ತಿ ಇಳಿಯುವ ಜ್ವರ ಗಡ್ಡೆಯದ್ದು ಎಂಬ ಹಳೆಯ ಪರೀಕ್ಷೆಯೊಂದಿದೆ. ಸುಳಿವಾಗಿ ಬಳಸಬಹುದು, ಸಾಕ್ಷಿಯಾಗಿ ಅಲ್ಲ. ಸೋಂಕಿನ ಜ್ವರವೂ ಕೆಲವೊಮ್ಮೆ ಇಳಿಯುತ್ತದೆ. ಡೆಂಗಿ ಓಡಾಡುವ ಕಾಲದಲ್ಲಿ, ರಕ್ತಸ್ರಾವ ಹೆಚ್ಚಿರುವಾಗ ಮನೆಯಲ್ಲಿ ನೀವಾಗಿ ಇದನ್ನು ಪ್ರಯೋಗಿಸಬೇಡಿ.

ಗಡ್ಡೆ ಕುಗ್ಗಿಸಲು ತಿಂಗಳಿಗೊಮ್ಮೆ ಕೊಡುವ ಹಾರ್ಮೋನ್ ಇಂಜೆಕ್ಷನ್ ರಕ್ತಸ್ರಾವ ನಿಲ್ಲಿಸಿ ಹಿಮೋಗ್ಲೋಬಿನ್ ಏರಿಸಲು ನೆರವಾಗುತ್ತದೆ, ಆದರೆ ಕಾರಣ ತಿಳಿಯದ ಜ್ವರ ಇರುವಾಗ ಮೂರು ತಿಂಗಳು ಹೀಗೆ ತಳ್ಳುವುದು ನನಗೆ ಇಷ್ಟವಿಲ್ಲ. ಗಡ್ಡೆಯ ರಕ್ತನಾಳ ಮುಚ್ಚುವ ಎಂಬೊಲೈಸೇಷನ್ ನಿಮಗೆ ಬೇಡವೇ ಬೇಡ. ಅದು ಗಡ್ಡೆಯನ್ನು ಒಳಗೇ ಕೊಳೆಯಿಸುವ ಚಿಕಿತ್ಸೆ, ತಾನೇ ಜ್ವರ ತರುತ್ತದೆ, ಸೋಂಕಿದ್ದರೆ ಕೀವಾಗುತ್ತದೆ, ಪರೀಕ್ಷೆಗೆ ತುಂಡೂ ಸಿಗುವುದಿಲ್ಲ.

ಇನ್ನು ಆಪರೇಷನ್. ಕಲ್ಚರ್ ನೆಗೆಟಿವ್, ಟಿಬಿ ಸುಳಿವಿಲ್ಲ, ಬೇರೆಲ್ಲೂ ಕೀವಿಲ್ಲ, ಎಂಆರ್‌ಐ ಗಡ್ಡೆಯನ್ನೇ ತೋರಿಸುತ್ತಿದೆ ಎಂದಾದರೆ ತೆಗೆಸುವುದೇ ಚಿಕಿತ್ಸೆ, ಅದೇ ಕೊನೆಯ ಪರೀಕ್ಷೆ ಕೂಡ. ನಿಮ್ಮ ವಯಸ್ಸು, ಮುಗಿದ ಸಂಸಾರ, ಹೆಚ್ಚಿನ ರಕ್ತಸ್ರಾವ ನೋಡಿದರೆ ಗರ್ಭಕೋಶ ತೆಗೆಸುವುದು ಗಡ್ಡೆ ಮಾತ್ರ ತೆಗೆಸುವುದಕ್ಕಿಂತ ಸೂಕ್ತ. ನಾಳಗಳನ್ನು ತೆಗೆಯಬಹುದು. ಅಂಡಾಶಯಗಳು ಚೆನ್ನಾಗಿದ್ದರೆ ಉಳಿಸಿ ಎಂದು ಕೇಳಿ. 44ಕ್ಕೇ ಎರಡನ್ನೂ ತೆಗೆದರೆ ಮೂಳೆ ಮತ್ತು ಹೃದಯಕ್ಕೆ ಬೆಲೆ ತೆರಬೇಕಾಗುತ್ತದೆ. ಎಂಆರ್‌ಐ ಅಂಡಾಶಯದತ್ತ ಬೆರಳು ಮಾಡಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಗ ಸ್ತ್ರೀರೋಗ ಕ್ಯಾನ್ಸರ್ ಶಸ್ತ್ರತಜ್ಞರು ಇರುವ, ಆಪರೇಷನ್ ನಡೆಯುತ್ತಿರುವಾಗಲೇ ತುಂಡು ನೋಡಿ ಹೇಳುವ ಫ್ರೋಜನ್ ಸೆಕ್ಷನ್ ಸೌಲಭ್ಯ ಇರುವ ಕಡೆಗೇ ಹೋಗಿ. ಒಮ್ಮೆ ಅರ್ಧಂಬರ್ಧ ಮಾಡಿ ಎರಡನೆಯ ಸಲ ತೆರೆಯುವುದು ಕಷ್ಟದ ಕೆಲಸ.

ಅಪಾಯಗಳು ಇವೆ: ರಕ್ತಸ್ರಾವ, ಮೂತ್ರಕೋಶ ಅಥವಾ ಮೂತ್ರನಾಳಕ್ಕೆ ಪೆಟ್ಟು, ಗಾಯದ ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು. ಪ್ಲೇಟ್‌ಲೆಟ್ ಹೆಚ್ಚಿರುವ ನಿಮಗೆ ಕೊನೆಯದರ ಬಗ್ಗೆ ಮುಂಚಿತವಾಗಿ ಎಚ್ಚರ ಬೇಕು. ರಕ್ತ ತಿಳಿಮಾಡುವ ಇಂಜೆಕ್ಷನ್ ಬಗ್ಗೆ ಕೇಳಿ. ಹಿಮೋಗ್ಲೋಬಿನ್ 10ರ ಸಮೀಪಕ್ಕೆ ಬಂದರೆ ಒಳ್ಳೆಯದು. ಮಾತ್ರೆ ಕೆಲಸ ಮಾಡದಿರುವುದರಿಂದ ರಕ್ತನಾಳಕ್ಕೆ ಕಬ್ಬಿಣ ಅಥವಾ ರಕ್ತವೇ ಬೇಕಾಗಬಹುದು, ಆದರೆ ರಕ್ತದಲ್ಲಿ ಸೋಂಕು ಇಲ್ಲವೆಂದು ಖಚಿತವಾದ ಮೇಲೆಯೇ ಕಬ್ಬಿಣದ ಇಂಜೆಕ್ಷನ್. ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 8ಕ್ಕಿಂತ ಕೆಳಗಿರಲಿ.

ಖರ್ಚಿನ ಮಾತು: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯವಿದೆ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ಮೊದಲು ತೋರಿಸಿ ಅದನ್ನು ಮಾಡಿಸಿಟ್ಟುಕೊಳ್ಳಿ. ಮಂಗಳೂರಿನ ಕಡೆ ಅನುಕೂಲವಾದರೆ ಲೇಡಿಗೋಷನ್ ಮತ್ತು ವೆನ್‌ಲಾಕ್ ಸರಕಾರಿ ಆಸ್ಪತ್ರೆಗಳಿವೆ.

ಆಪರೇಷನ್ ಆದ ಮೊದಲ ಎರಡು ದಿನ ಸಣ್ಣ ಜ್ವರ ಬರುವುದು ಸಾಮಾನ್ಯ, ಅದನ್ನು ಲೆಕ್ಕಕ್ಕೆ ಇಡಬೇಡಿ. ಗಡ್ಡೆಯೇ ಕಾರಣವಾಗಿದ್ದರೆ ಒಂದು ವಾರದೊಳಗೆ ಸಂಜೆಯ ಜ್ವರ ನಿಲ್ಲಬೇಕು, ಎರಡರಿಂದ ನಾಲ್ಕು ವಾರದಲ್ಲಿ ಸಿಆರ್‌ಪಿ ಸಾಮಾನ್ಯ ಮಟ್ಟಕ್ಕೆ ಬರಬೇಕು, ಆಮೇಲೆ ಪ್ಲೇಟ್‌ಲೆಟ್ ಇಳಿದು ಹಿಮೋಗ್ಲೋಬಿನ್ ಏರಬೇಕು. ಇಎಸ್‌ಆರ್ ನಿಧಾನ, ಅದನ್ನು ನೋಡಿ ಗಾಬರಿಯಾಗಬೇಡಿ. ನಿಮ್ಮ ಹಳೆಯ ಚಕ್ರ ಹನ್ನೆರಡರಿಂದ ಹದಿನೈದು ದಿನದ್ದಾದ್ದರಿಂದ ಕನಿಷ್ಠ ಆರು ವಾರ, ಅಂದರೆ ಮೂರು ಸುತ್ತು ಜ್ವರವಿಲ್ಲದೆ ಕಳೆಯುವವರೆಗೆ ಥರ್ಮಾಮೀಟರ್ ಪುಸ್ತಕ ಮುಂದುವರಿಸಿ. ಎರಡನೆಯ ವಾರದಲ್ಲಿ ಜ್ವರ ಮರಳಿದರೆ ಒಳಗೆ ರಕ್ತ ಕಟ್ಟಿಕೊಂಡಿದೆಯೇ, ಕಿಬ್ಬೊಟ್ಟೆಯ ರಕ್ತನಾಳದಲ್ಲಿ ಹೆಪ್ಪು ಇದೆಯೇ ಎಂದು ಮೊದಲು ನೋಡಬೇಕು. ಅದೂ ಅಲ್ಲವಾದರೆ ಮೂಲ ಕಾರಣ ಬೇರೆಯದೇ ಎಂದು ಒಪ್ಪಿ ಮತ್ತೆ ಹುಡುಕಬೇಕು. ತೆಗೆದ ಗಡ್ಡೆ ಕಳಿಸುವಾಗ ‘ಮೂರು ತಿಂಗಳ ಜ್ವರ, ಹೆಚ್ಚಿದ ಸಿಆರ್‌ಪಿ’ ಎಂದು ಪೆಥಾಲಜಿಸ್ಟ್‌ಗೆ ಬರೆದು ತಿಳಿಸಲು ಹೇಳಿ, ಒಂದು ತುಂಡು ಕಲ್ಚರ್‌ಗೂ ಹೋಗಲಿ. ಬರೀ ಫೈಬ್ರಾಯ್ಡ್ ಎಂಬ ಒಂದೇ ಸಾಲಿನ ವರದಿ ಬಂದರೆ ಪ್ಯಾರಾಫಿನ್ ಬ್ಲಾಕುಗಳನ್ನು ಕೇಳಿ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಬಹುದು. ಅವು ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇರುತ್ತವೆ, ಕೇಳಿದರೆ ಸಹಿ ಪಡೆದು ಕೊಡುತ್ತಾರೆ.